ಅಟ್ಟದ ಮೇಲಿನ ಹಾರ್ಮೋನಿಯಂ



ಮೊನ್ನೆ ಮಧ್ಯಾಹ್ನ ಅಡುಗೆಮನೆ ಒರೆಸಿ ಕೂತಿದ್ದೆ. ಮಗಳು ಮೊಬೈಲ್ ತಂದು, "ಅಮ್ಮಾ, ಈ ಅಜ್ಜಿ ಗಿಟಾರ್ ನುಡಿಸೋದು ನೋಡು" ಅಂದಳು. ನರೆಗೂದಲಿನ ಅಜ್ಜಿ, ಮಡಿಲಲ್ಲಿ ಮರದ ಗಿಟಾರ್. ಮೊಮ್ಮಕ್ಕಳಿಗೆ ಹೇಳುವ ಹಾಗೆ ಕಥೆ ಹೇಳ್ತಾರೆ, ಹಾಡ್ತಾರೆ, ಎದುರಿಗಿದ್ದವರನ್ನೂ ಹಾಡಿಸ್ತಾರೆ. ಅದು ಕಚೇರಿಯೋ ಮನೆಯ ನಡುಮನೆಯೋ ಅನ್ನಿಸಿಬಿಟ್ಟಿತು!

ಇವರು ಅಮೆರಿಕದ ಎಲಿಜಬೆತ್ ಕಾಟನ್. ಹುಟ್ಟಿದ್ದು 1893ರಲ್ಲಿ, ನಾರ್ತ್ ಕೆರೊಲಿನಾದ ಬಡ ಕಪ್ಪು ಜನರ ಮನೆಯಲ್ಲಿ. ಚಿಕ್ಕಂದಿನಲ್ಲೇ ಮನೆಗೆಲಸಕ್ಕೆ ಹೋಗಿ, ಕೂಡಿಟ್ಟ ದುಡ್ಡಿನಲ್ಲಿ 3.75 ಡಾಲರಿಗೆ ಗಿಟಾರ್ ಕೊಂಡರಂತೆ. ಎಡಚಿ ಹುಡುಗಿ. ನಮ್ಮಲ್ಲಾಗಿದ್ದರೆ ಕೈಮೇಲೆ ಏಟು ಬೀಳ್ತಿತ್ತು ಅಲ್ವೇ? ಆಕೆ ಗಿಟಾರನ್ನೇ ತಿರುಗಿಸಿ ಹಿಡಿದರು. ಬೇರೆಯವರು ಹೆಬ್ಬೆರಳಲ್ಲಿ ಮಂದ್ರದ ತಂತಿ ಮೀಟಿದರೆ, ಇವರದು ಉಲ್ಟಾ. ಹೆಬ್ಬೆರಳಲ್ಲಿ ಹಾಡು, ಉಳಿದ ಬೆರಳಲ್ಲಿ ಮಂದ್ರ. 'ಫ್ರೇಟ್ ಟ್ರೈನ್' ಎಂಬ ಪ್ರಸಿದ್ಧ ಹಾಡು ಕಟ್ಟಿದಾಗ ಇನ್ನೂ ಪುಟ್ಟ ಹುಡುಗಿ.

ಆಮೇಲೆ ನಮ್ಮ ನಿಮ್ಮ ಕಥೆಯೇ. ಚಿಕ್ಕ ವಯಸ್ಸಿಗೆ ಮದುವೆ, ಮಗಳು, ಸಂಸಾರ. ದೇವರ ಹಾಡಲ್ಲದ್ದು ಬೇಡ ಅಂತ ಚರ್ಚಿನವರೂ ಹೇಳಿದರು. ಗಿಟಾರ್ ಮೂಲೆ ಸೇರಿತು, ಒಂದೆರಡು ವರ್ಷವಲ್ಲ, ದಶಕಗಳೇ!

ವಾಷಿಂಗ್ಟನ್ನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ತಪ್ಪಿಸಿಕೊಂಡ ಪುಟ್ಟ ಹುಡುಗಿಯನ್ನು ತಾಯಿಗೆ ಒಪ್ಪಿಸಿದರು. ಅದು ಸಂಗೀತಗಾರರಾದ ಸೀಗರ್ ಕುಟುಂಬ. ಅದೇ ಮನೆಗೆ ಅಡುಗೆ, ಇಸ್ತ್ರಿ ಕೆಲಸಕ್ಕೆ ಸೇರಿದರು. ಅಲ್ಲಿದ್ದ ಗಿಟಾರ್ ಕೈಗೆತ್ತಿಕೊಂಡಾಗ ಮರೆತ ಹಾಡೆಲ್ಲ ಮರಳಿ ಬಂದವು. ಆ ಮನೆಯ ಮಗ ಮೈಕ್ ಅವನ್ನೆಲ್ಲ ಧ್ವನಿಮುದ್ರಿಸಿಕೊಂಡ. ಮೊದಲ ರೆಕಾರ್ಡು ಬಂದಿದ್ದು 1958ರಲ್ಲಿ, ಆಕೆಗೆ 65 ವರ್ಷವಾದಾಗ! ಜನರೆದುರು ನುಡಿಸಿದ ಕಚೇರಿಗಳ ರೆಕಾರ್ಡಿಗೆ 1985ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. 1987ರಲ್ಲಿ ತೀರಿಕೊಂಡರು.

ನೋಡಿ ಮುಗಿಸಿ ಸುಮ್ಮನೆ ಕೂತೆ. ಮದುವೆಗೆ ಮುಂಚೆ ನಾನೂ ಹಾರ್ಮೋನಿಯಂ ನುಡಿಸ್ತಿದ್ದೆ. ಯಾರೂ ಬೇಡ ಅನ್ನಲಿಲ್ಲ, ಆದರೆ ನುಡಿಸು ಅಂತಲೂ ಯಾರೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅಟ್ಟದ ಮೇಲೆ, ಹಳೇ ಸೀರೆ ಸುತ್ತಿಕೊಂಡು ಕೂತಿದೆ.

ಸಂಜೆ ಮಗನ ಕೈಲಿ ಇಳಿಸಿದೆ. ಎರಡು ಸ್ವರ ಏಳೋದೇ ಇಲ್ಲ, ತಿದಿಯಲ್ಲಿ ಗಾಳಿ ಸೋರತ್ತೆ. ಆದರೂ ಬೆರಳಿಗೆ ಸರಳೆವರಸೆ ನೆನಪಿತ್ತು ಕಣ್ರೀ! ಯಜಮಾನರು ಟಿ.ವಿ. ಸದ್ದು ತಗ್ಗಿಸಿ, "ಇದನ್ನ ರಿಪೇರಿ ಮಾಡಿಸೋಣ್ವಾ?" ಅಂದರು. ಇಷ್ಟು ವರ್ಷ ನಾನೇ ಕೇಳಬಹುದಿತ್ತಲ್ಲಾ ಅನ್ನಿಸಿತು.

ನಿಮ್ಮ ಅಟ್ಟದ ಮೇಲೆ ಏನಿದೆ? ಈ ಭಾನುವಾರ ಒಮ್ಮೆ ಇಳಿಸಿ ನೋಡಿ. ನನಗೂ ಬರೆದು ತಿಳಿಸ್ತೀರಲ್ಲ?