ಪ್ರಯೋಗಶಾಲೆಯಲ್ಲಿ ದುಡಿಯುವವರ ರಕ್ಷಣೆ ಯಾರ ಹೊಣೆ?

ಹನ್ನೆರಡನೆಯ ತರಗತಿ ಮುಗಿಸಿದ ನಮ್ಮ ಮಕ್ಕಳಲ್ಲಿ ಹಲವರು ಮಂಗಳೂರಿಗೋ ಕಣ್ಣೂರಿಗೋ ಹೋಗಿ ಲ್ಯಾಬ್ ಟೆಕ್ನಿಷಿಯನ್ ತರಬೇತಿಗೆ ಸೇರುತ್ತಾರೆ. ಬೇಗನೆ ಕೆಲಸ ಸಿಗುವ ವಿದ್ಯೆ, ನೆರಳಿನಲ್ಲಿ ಕುಳಿತು ಮಾಡುವ ಉದ್ಯೋಗ ಎಂದು ಹೆತ್ತವರಿಗೂ ಸಮಾಧಾನ. ಆದರೆ ರಕ್ತ, ಕಫ, ಮಲಮೂತ್ರಗಳಲ್ಲಿನ ರೋಗಾಣುಗಳನ್ನು ಬೆಳೆಸಿ ಗುರುತಿಸುವ ಈ ಕೆಲಸದಲ್ಲಿ ರೋಗವು ಪರೀಕ್ಷಿಸುವವರಿಗೇ ಅಂಟಬಹುದೆಂಬುದನ್ನು ನಾವು ಎಷ್ಟರಮಟ್ಟಿಗೆ ಯೋಚಿಸಿದ್ದೇವೆ?

ಸೂಜಿ ಚುಚ್ಚಿದರೆ, ಗಾಜು ಒಡೆದರೆ ಮಾತ್ರ ಅಪಾಯ ಎಂಬುದು ಸಾಮಾನ್ಯ ನಂಬಿಕೆ. ದಾಖಲೆಗಳು ಹೇಳುವುದು ಬೇರೆ. ಅಮೆರಿಕದ ರಾಬರ್ಟ್ ಪೈಕ್ ಎಂಬ ವಿಜ್ಞಾನಿ 1976ರಲ್ಲಿ ಪ್ರಯೋಗಶಾಲೆಗಳಲ್ಲಿ ತಗಲಿದ 3,921 ಸೋಂಕುಗಳ ವಿವರ ಸಂಗ್ರಹಿಸಿದರು. ಅವುಗಳಲ್ಲಿ ಇಂಥದೇ ಅಪಘಾತದಿಂದ ಬಂತೆಂದು ಹೇಳಬಹುದಾದವು ಶೇಕಡಾ 20ಕ್ಕಿಂತಲೂ ಕಡಿಮೆ. ಉಳಿದವರಿಗೆ ರೋಗ ಯಾವಾಗ, ಹೇಗೆ ಹೊಕ್ಕಿತೆಂದು ಖಚಿತವಾಗಿ ತಿಳಿಯಲೇ ಇಲ್ಲ. ನಳಿಗೆಯನ್ನು ಅಲುಗಾಡಿಸುವಾಗ, ಸೆಂಟ್ರಿಫ್ಯೂಜಿನ ಮುಚ್ಚಳ ತೆರೆಯುವಾಗ ಕಣ್ಣಿಗೆ ಕಾಣದ ತುಂತುರು ಗಾಳಿಗೆ ಸೇರುತ್ತದೆ, ಉಸಿರಿನೊಡನೆ ಒಳಹೋಗುತ್ತದೆ. ಕ್ಷಯ ಮತ್ತು ಬ್ರುಸೆಲ್ಲೋಸಿಸ್ ರೋಗಗಳು ಹೀಗೆ ತಗಲುವವುಗಳಲ್ಲಿ ಮುಖ್ಯವಾದವು.

ಇದು ಪರದೇಶದ ಸಂಗತಿ ಮಾತ್ರವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಕಾಡಿಗೆ ಹೋದವರನ್ನು ಮಾತ್ರ ಬಾಧಿಸಲಿಲ್ಲ. ಅದರ ವೈರಸ್ಸನ್ನು ಅಭ್ಯಸಿಸಿದ ಪ್ರಯೋಗಶಾಲೆಯ ಸಿಬ್ಬಂದಿಗೂ ಅದು ತಗಲಿತು.

ಅಪಾಯ ಕೆಲಸಗಾರನಲ್ಲಿಗೇ ನಿಲ್ಲುವುದಿಲ್ಲ. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಡುಬಿನ ಪ್ರಯೋಗಶಾಲೆಯ ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಛಾಯಾಗ್ರಾಹಕಿ ಜಾನೆಟ್ ಪಾರ್ಕರ್ ಸಿಡುಬಿಗೆ ಬಲಿಯಾದರು. ಆಕೆ ರೋಗಾಣುವನ್ನು ಮುಟ್ಟುವ ಕೆಲಸದವರೇ ಅಲ್ಲ. 2019ರಲ್ಲಿ ಚೀನಾದ ಲಾಂಜೌ ನಗರದಲ್ಲಿ, ಪ್ರಾಣಿಗಳ ಲಸಿಕೆ ತಯಾರಿಸುವ ಕಾರ್ಖಾನೆಯೊಂದು ಅವಧಿ ಮೀರಿದ ಸೋಂಕುನಾಶಕವನ್ನು ಬಳಸಿತು. ಹೊರಬಿಟ್ಟ ಗಾಳಿಯಲ್ಲಿ ಬ್ರುಸೆಲ್ಲಾ ರೋಗಾಣು ಉಳಿದು, ಹತ್ತು ಸಾವಿರಕ್ಕೂ ಮಿಕ್ಕಿ ಜನರಿಗೆ ಸೋಂಕು ತಗಲಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪ್ರಯೋಗಶಾಲೆಯಲ್ಲಿ ಯಾರಿಗಾದರೂ ರೋಗ ತಗಲಿದೊಡನೆ "ಅವನು ಜಾಗ್ರತೆ ವಹಿಸಲಿಲ್ಲ" ಎನ್ನುವುದು ಸುಲಭದ ತೀರ್ಪು. ಆದರೆ ಗಾಳಿಯನ್ನು ಸೋಸುವ ಸುರಕ್ಷಾ ಪೆಟ್ಟಿಗೆಯನ್ನು ಕೊಳ್ಳಬೇಕಾದವನು, ಸೋಂಕುನಾಶಕದ ಅವಧಿಯನ್ನು ನೋಡಬೇಕಾದವನು, ಒಬ್ಬನ ತಲೆಯ ಮೇಲೆ ಮೂವರ ಕೆಲಸ ಹೊರಿಸಬಾರದವನು ಸಂಸ್ಥೆಯ ಯಜಮಾನ. ತಿಂಗಳ ಸಂಬಳ ಪಡೆಯುವ ಹುಡುಗಿಗೆ ಇವುಗಳಲ್ಲಿ ಯಾವುದರ ಮೇಲೂ ಅಧಿಕಾರವಿಲ್ಲ. ಅಧಿಕಾರವಿಲ್ಲದವರ ಮೇಲೆ ಹೊಣೆ ಹೊರಿಸುವುದು ನ್ಯಾಯವಲ್ಲ.

ನಮ್ಮ ಕಾನೂನು ಕೂಡ ಇದನ್ನು ಒಪ್ಪಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಆಸ್ಪತ್ರೆಗಳಿಗೆ ಮಾತ್ರವಲ್ಲ, ರೋಗಪರೀಕ್ಷಾ ಪ್ರಯೋಗಶಾಲೆಗಳಿಗೂ ಅನ್ವಯಿಸುತ್ತವೆ. ತ್ಯಾಜ್ಯ ಮುಟ್ಟುವ ಸಿಬ್ಬಂದಿಗೆ ಹೆಪಟೈಟಿಸ್ ಬಿ ಹಾಗೂ ಧನುರ್ವಾಯುವಿನ ಲಸಿಕೆ ಕೊಡಿಸಬೇಕು. ಕೆಲಸಕ್ಕೆ ಸೇರುವಾಗಲೂ, ಆಮೇಲೆ ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮತ್ತು ತರಬೇತಿ ನಡೆಯಬೇಕು. ಅಪಘಾತಗಳನ್ನು ದಾಖಲಿಸಬೇಕು. ಇವೆಲ್ಲ ಯಜಮಾನನ ಕರ್ತವ್ಯಗಳೇ ಹೊರತು ಉಪಕಾರಗಳಲ್ಲ.

ಲಸಿಕೆಯ ವಿಚಾರವನ್ನಂತೂ ಮುಂದೂಡುವಂತಿಲ್ಲ. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ರೋಗಿಯ ರಕ್ತ ತಾಗಿದ ಸೂಜಿ ಚುಚ್ಚಿದರೆ, ಸೋಂಕು ತಗಲುವ ಸಂಭವ ನೂರಕ್ಕೆ 30ರವರೆಗೂ ಇದೆ. ಲಸಿಕೆಯ ಮೂರು ಚುಚ್ಚುಮದ್ದುಗಳಿಗೆ ಸಾಮಾನ್ಯವಾಗಿ ಆರು ತಿಂಗಳು ಹಿಡಿಯುತ್ತದೆ. ಆದುದರಿಂದ ತರಬೇತಿಗೆ ಸೇರುವ ದಿನವೇ ಅದನ್ನು ಆರಂಭಿಸುವುದು ಯುಕ್ತ.

ಮಕ್ಕಳನ್ನು ಶಾಲೆಯಿಂದ ಕಳುಹಿಸಿಕೊಡುವ ನಾವು ಶಿಕ್ಷಕರು ಹೆತ್ತವರಲ್ಲಿ ಕೇಳಿಕೊಳ್ಳುವುದಿಷ್ಟೆ. ಕೆಲಸ ಸಿಕ್ಕಾಗ ಸಂಬಳವೆಷ್ಟೆಂದು ವಿಚಾರಿಸುವಂತೆಯೇ, ಲಸಿಕೆ ಕೊಡಿಸುತ್ತಾರೆಯೇ, ಸೂಜಿ ಚುಚ್ಚಿದರೆ ಯಾರಿಗೆ ಹೇಳಬೇಕು, ಚಿಕಿತ್ಸೆಯ ಖರ್ಚು ಯಾರದು ಎಂದೂ ವಿಚಾರಿಸಿರಿ. ಗಾಜಿನ ಸಾಮಾನು ತೊಳೆಯುವ, ಕಸ ಹೊರುವ ಕೆಲಸದವರಿಗೂ ಸುರಕ್ಷಾ ಸೂಚನೆಗಳನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ, ಇಲ್ಲಿ ಕನ್ನಡದಲ್ಲಿಯೂ, ಕೊಡುವಂತೆ ಒತ್ತಾಯಿಸಬೇಕು. ನಮ್ಮ ರೋಗವನ್ನು ಪತ್ತೆಹಚ್ಚಿ ನಮ್ಮನ್ನು ಉಳಿಸುವವರು ಅದೇ ರೋಗಕ್ಕೆ ತುತ್ತಾಗದಂತೆ ನೋಡಿಕೊಳ್ಳುವುದು ಅವರಿಂದ ದುಡಿಸಿಕೊಳ್ಳುವವರ ಮೊದಲ ಹೊಣೆ.