ಹಿಪ್ಪುನೇರಳೆ ಮೇಷ್ಟ್ರು ಕಡಿದ ರಾಸ್‌ಬೆರಿ

"ಅಪ್ಪಾ, ನಮಗೆ ಅಲಾಟ್‌ಮೆಂಟ್ ಆಯಿತು!" ಎಂದು ಮಗಳು ಇಂಗ್ಲೆಂಡಿನಿಂದ ಫೋನಿನಲ್ಲಿ ಕೂಗಿದಾಗ ನನಗೆ ತಕ್ಷಣ ಹೊಳೆದದ್ದು ಮೂವತ್ತು-ನಲವತ್ತರ ಸೈಟು. ನಮ್ಮ ಕಡೆಯವರ ಕಿವಿಗೆ ಆ ಪದಕ್ಕೆ ಬೇರೆ ಅರ್ಥವೇ ಇಲ್ಲ. "ಎಷ್ಟು ಕಟ್ಟಿದಿರಿ? ಖಾತೆ ಆಯಿತೇ?" ಎಂದು ಕೇಳಿದೆ. ಅವಳು ನಕ್ಕಳು. "ಖಾತೆಯೂ ಇಲ್ಲ, ಮನೆ ಕಟ್ಟುವ ಹಾಗೂ ಇಲ್ಲ. ತರಕಾರಿ, ಹಣ್ಣು ಬೆಳೆದುಕೊಳ್ಳುವುದಕ್ಕೆ ಬಾಡಿಗೆಗೆ ಕೊಡುವ ತುಂಡು ಜಾಗ" ಎಂದಳು.

ಬ್ರಿಟನ್ನಿನ ಊರುಗಳಲ್ಲಿ ಇದು ಹಳೆಯ ಪದ್ಧತಿ. ಹಿತ್ತಿಲಿಲ್ಲದ ಮನೆಗಳವರು ಸ್ವಲ್ಪ ಬೆಳೆದುಕೊಳ್ಳಲೆಂದು ಸ್ಥಳೀಯ ಆಡಳಿತ ನೆಲ ಒದಗಿಸಬೇಕೆಂದು 1908ರಲ್ಲೇ ಅಲ್ಲಿ ಕಾಯಿದೆಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗಿನಲ್ಲಿ ಬರುವ ಆಹಾರ ಕಡಿಮೆಯಾದಾಗ ಈ ತುಂಡುಗಳೇ ಎಷ್ಟೋ ಮನೆಗಳ ಅಡಿಗೆಗೆ ಆಧಾರವಾದವು. ಇಂದಿಗೂ ಅನೇಕ ಊರುಗಳಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಪೂರ್ಣ ತುಂಡಿನ ಹಳೆಯ ಅಳತೆ ಹತ್ತು ರಾಡ್. ವಿದ್ಯಾರ್ಥಿ ಮಿತ್ರರೇ, ಇಲ್ಲೊಂದು ಲೆಕ್ಕ ಮಾಡಿ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ. ಅದರ ವರ್ಗ 272.25 ಚದರ ಅಡಿ. ಅದನ್ನು ನಾಲ್ಕರಿಂದ ಗುಣಿಸಿದರೆ 1089. ಅದೇ ನಮ್ಮ ಒಂದು ಗುಂಟೆ! ಹೀಗಾಗಿ ಹತ್ತು ರಾಡ್ ಎಂದರೆ ಸರಿಯಾಗಿ ಎರಡೂವರೆ ಗುಂಟೆ. ಲೆಸ್ಟರ್ ಊರಿನಲ್ಲಿ ನನ್ನ ಮಗಳಿಗೆ ಸಿಕ್ಕಿದ್ದು ಅದರಲ್ಲಿ ಅರ್ಧ.

ಎರಡು ದಸರಾಗಳ ಹಿಂದೆ ರಜೆಗೆ ಅಲ್ಲಿಗೆ ಹೋಗಿದ್ದೆ. ಆಲೂಗಡ್ಡೆ, ಬೀನ್ಸ್, ಕೋಸು ನನಗೆ ಹೊಸದಲ್ಲ. ಹೊಸದಾಗಿ ಕಂಡದ್ದು ಬೇಲಿಯ ಪಕ್ಕದ ರಾಸ್‌ಬೆರಿ ಸಾಲು. ಆರು ವರ್ಷದ ಮೊಮ್ಮಗಳು ನನ್ನ ಕೈಹಿಡಿದು ಮೊದಲು ಕರೆದೊಯ್ದದ್ದೇ ಅಲ್ಲಿಗೆ. ಆ ಜುಲೈನಲ್ಲಿ ಅವಳು ಬಟ್ಟಲುಗಟ್ಟಲೆ ತಿಂದಿದ್ದಳಂತೆ. ಮುಂದಿನ ಬೇಸಿಗೆಯಲ್ಲಿ ತರಗತಿಯ ಎಲ್ಲರಿಗೂ ಒಂದು ಡಬ್ಬಿ ಹಣ್ಣು ಒಯ್ಯುವುದಾಗಿ ಟೀಚರಿಗೆ ಮಾತು ಕೊಟ್ಟಿದ್ದಳು.

ನೆಟ್ಟ ಬಗೆ

ಮಗಳು ಅದನ್ನು ನೆಟ್ಟ ಕ್ರಮವನ್ನು ಹೇಳಿದಳು. ರಾಸ್‌ಬೆರಿಯನ್ನು ಬೀಜದಿಂದ ಬೆಳೆಸುವುದಿಲ್ಲ. ನವೆಂಬರಿನಿಂದ ಮಾರ್ಚಿಯೊಳಗೆ, ಗಿಡ ಎಲೆಯುದುರಿಸಿ ನಿದ್ರಿಸುವಾಗ, ಬೇರು ಸಹಿತ ಕಿತ್ತ ಕಡ್ಡಿಗಳನ್ನು ತಂದು ನೆಡುತ್ತಾರೆ. ಕಡ್ಡಿಯಿಂದ ಕಡ್ಡಿಗೆ ಒಂದೂವರೆ ಅಡಿ, ಸಾಲಿನಿಂದ ಸಾಲಿಗೆ ಆರು ಅಡಿ ಅಂತರ. ಬೇರುಗಳನ್ನು ಆಳಕ್ಕೆ ತುರುಕದೆ ಬೀಸಣಿಗೆಯಂತೆ ಹರಡಿ, ಎರಡು-ಮೂರು ಅಂಗುಲ ಮಣ್ಣು ಮುಚ್ಚಬೇಕು. ಹೊಸ ಚಿಗುರು ಏಳುವುದು ಬೇರಿನಿಂದಲೇ. ಆಳವಾದರೆ ಅದು ಮೇಲೆ ಬರಲು ತಿಣುಕುತ್ತದೆ. ನೆಟ್ಟ ಮೇಲೆ ಕಡ್ಡಿಯನ್ನು ಒಂದಡಿ ಎತ್ತರಕ್ಕೆ ಕತ್ತರಿಸಿಬಿಡುತ್ತಾರೆ.

ಮಣ್ಣು ಸ್ವಲ್ಪ ಆಮ್ಲೀಯವಾಗಿರಬೇಕು, ಪಿಎಚ್ 6ರಿಂದ 6.5 ಇದ್ದರೆ ಚೆನ್ನ. ಸುಣ್ಣದ ಅಂಶ ಹೆಚ್ಚಾದರೆ ಕಬ್ಬಿಣ ಬೇರಿಗೆ ದಕ್ಕದೆ ಎಲೆ ಹಳದಿಯಾಗುತ್ತದೆ. ಅದಕ್ಕಿಂತ ದೊಡ್ಡ ಶತ್ರು ನಿಂತ ನೀರು. ಜೇಡಿಮಣ್ಣಿನಲ್ಲಿ ಚಳಿಗಾಲದ ನೀರು ನಿಂತರೆ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಬೇರನ್ನು ಕೊಳೆಸಿ ಸಾಲನ್ನೇ ಮುಗಿಸುತ್ತದೆ. ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಹೆಸರು ಹೊಸದಲ್ಲ. ಕೊಳೆರೋಗ ತರುವುದು ಅದೇ ಕುಲದ ಇನ್ನೊಂದು ಜಾತಿ. ಹಾಗಾಗಿ ಮಗಳು ನೆಲವನ್ನು ಏರಿ ಮಾಡಿ ನೆಟ್ಟಿದ್ದಳು. ಎರಡು ಕಡೆ ಕಂಬ ಹುಗಿದು ಮೂರು ತಂತಿ ಎಳೆದು, ಆಳೆತ್ತರದ ಕಡ್ಡಿಗಳನ್ನು ಅದಕ್ಕೆ ಕಟ್ಟಿದ್ದಳು. ಪಕ್ಕದವರು ಪುಕ್ಕಟೆ ಕೊಡುವ ಸಸಿಯನ್ನು ತರಬಾರದಂತೆ. ಸಸ್ಯಹೇನುಗಳು ಹರಡುವ ನಂಜುರೋಗ ಅದರಲ್ಲಿ ಅಡಗಿರಬಹುದು. ರೋಗವಿಲ್ಲವೆಂದು ಪರೀಕ್ಷಿಸಿದ ಕಡ್ಡಿಯನ್ನೇ ಕೊಳ್ಳಬೇಕು. ಚೆನ್ನಾಗಿ ನೋಡಿಕೊಂಡರೆ ಒಂದು ಸಾಲು ಹತ್ತು ವರ್ಷ ಫಲ ಕೊಡುತ್ತದೆ.

ನಾನು ಮಾಡಿದ ಕೆಲಸ

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಮ್ಮದು ಶಿಡ್ಲಘಟ್ಟದ ಕಡೆಯ ರೇಷ್ಮೆಯ ಮನೆತನ. ಹಿಪ್ಪುನೇರಳೆ ಕಡ್ಡಿಯನ್ನು ನೆಲಮಟ್ಟಕ್ಕೆ ಸವರುವುದನ್ನು ಚಡ್ಡಿ ಹಾಕುವ ಕಾಲದಿಂದ ನೋಡಿದವನು. ಕಡಿದ ಬುಡದಿಂದ ಕೆಲವೇ ವಾರಗಳಲ್ಲಿ ಚಿಗುರು ನುಗ್ಗಿ ಬರುತ್ತದೆ. ಈ ರಾಸ್‌ಬೆರಿ ಸಾಲಿನಲ್ಲಿ ಕಂದು ಬಣ್ಣದ ಒಣಕಲು ಕಡ್ಡಿಗಳೂ ಹಸಿ ಕಡ್ಡಿಗಳೂ ಕಲಸಿ ಪೊದೆಯಾಗಿತ್ತು. ಮಗಳ ಬಳಿ ಇದ್ದ ಚಿತ್ರದಲ್ಲಿ ಹಣ್ಣು ನೋಡಿದೆ. ಅಚ್ಚು ಹಿಪ್ಪುನೇರಳೆಯ ಹಣ್ಣೇ!

ಆದರೂ ಮೇಷ್ಟ್ರಲ್ಲವೇ, ಕೇಳಿಯೇ ಮಾಡೋಣವೆಂದು ಪಕ್ಕದ ತುಂಡಿನ ಹಿರಿಯರನ್ನು ವಿಚಾರಿಸಿದೆ. ಎಪ್ಪತ್ತು ದಾಟಿದ ನಿವೃತ್ತ ಬಸ್ ಚಾಲಕ. ಅವರದೂ ಒಂದು ರಾಸ್‌ಬೆರಿ ಸಾಲು ಇತ್ತು. "ನೀವು ಇದನ್ನು ಹೇಗೆ ಕತ್ತರಿಸುತ್ತೀರಿ?" ಎಂದೆ. "ಫೆಬ್ರವರಿಯಲ್ಲಿ, ಎಲ್ಲವನ್ನೂ, ನೆಲಮಟ್ಟಕ್ಕೆ" ಎಂದರು. ಇನ್ನೇನು ಬೇಕು? ಫೆಬ್ರವರಿಗೆ ನಾನಿರುವುದಿಲ್ಲ, ಮಗಳಿಗೆ ಒಂದು ಕೆಲಸ ಉಳಿಯಲಿ ಎಂದು, ಅವಳೂ ಅಳಿಯನೂ ಕೆಲಸಕ್ಕೆ ಹೋಗಿದ್ದ ಒಂದು ಬೆಳಿಗ್ಗೆ ಇಡೀ ಸಾಲನ್ನು ಬೋಳಿಸಿದೆ. ಸಂಜೆ ಬಂದ ಮಗಳು ನೋಡಿ ಸುಮ್ಮನೆ ನಿಂತಳು. ಅಪ್ಪನಿಗೆ ಏನೂ ಹೇಳಲಿಲ್ಲ.

ಮುಂದಿನ ಜುಲೈನಲ್ಲಿ ಫೋನು ಬಂತು. ಸಾಲು ಹಸಿರಾಗಿ ಆಳೆತ್ತರ ಬೆಳೆದು ನಿಂತಿತ್ತು. ಹೂವು ಒಂದೂ ಇಲ್ಲ, ಹಣ್ಣು ಒಂದೂ ಇಲ್ಲ. ಮೊಮ್ಮಗಳು ಫೋನು ಕಸಿದುಕೊಂಡು ಕೇಳಿದಳು: "ತಾತಾ, ಯಾವುದು ಸತ್ತ ಕಡ್ಡಿ ಅಂತ ನಿಮಗೆ ಗೊತ್ತಿರಲಿಲ್ಲವಾ? ನೀವು ಸೈನ್ಸ್ ಮೇಷ್ಟ್ರಲ್ವಾ?" ಮೂವತ್ತು ವರ್ಷ ಪಾಠ ಹೇಳಿದವನಿಗೆ ಉತ್ತರ ಬರಲಿಲ್ಲ.

ಒಂದೇ ಗಿಡ, ಎರಡು ಕಾಲ

ಉತ್ತರ ಹುಡುಕಿದಾಗ ತಿಳಿದದ್ದು ಇಷ್ಟು. ರಾಸ್‌ಬೆರಿಯ ಬೇರು ಬಹುವಾರ್ಷಿಕ, ಆದರೆ ಅದರ ಕಡ್ಡಿಯ ಆಯಸ್ಸು ಎರಡೇ ವರ್ಷ. ಮೊದಲ ವರ್ಷ ಕಡ್ಡಿ ಬರಿದೇ ಎತ್ತರಕ್ಕೆ ಬೆಳೆಯುತ್ತದೆ. ಎರಡನೆಯ ಬೇಸಿಗೆಯಲ್ಲಿ ಅದರ ಪಕ್ಕದ ಮೊಗ್ಗುಗಳಿಂದ ಕಿರುಗೊಂಬೆಗಳು ಹೊರಟು ಹೂವು, ಹಣ್ಣು ಬಿಡುತ್ತವೆ. ಹಣ್ಣು ಮುಗಿಯಿತೆಂದರೆ ಆ ಕಡ್ಡಿ ಸಾಯುತ್ತದೆ. ಅಷ್ಟರಲ್ಲಿ ಪಕ್ಕದಲ್ಲೇ ಮುಂದಿನ ವರ್ಷದ ಕಡ್ಡಿ ಎದ್ದಿರುತ್ತದೆ. ಒಂದೇ ಸಾಲಿನಲ್ಲಿ ಹೋಗುವವರು, ಬರುವವರು ಒಟ್ಟಿಗೆ ನಿಂತಿರುತ್ತಾರೆ. ಕಡಿಯಬೇಕಾದದ್ದು ಹಣ್ಣು ಬಿಟ್ಟು ಮುಗಿಸಿದ ಕಡ್ಡಿಯನ್ನು ಮಾತ್ರ. ನಾನು ಎರಡನ್ನೂ ಕಡಿದೆ.

ಇನ್ನೂ ನೋಯಿಸುವ ಸಂಗತಿಯೊಂದಿದೆ. ಹಗಲು ಕಿರಿದಾಗಿ ಚಳಿ ಇಳಿಯುವ ಸೆಪ್ಟೆಂಬರ್-ಅಕ್ಟೋಬರಿನಲ್ಲೇ ಹೊಸ ಕಡ್ಡಿಯ ಮೊಗ್ಗಿನೊಳಗೆ ಹೂವಿನ ಮೊದಲ ಗುರುತು ಮೂಡತೊಡಗುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ, ಸೂಕ್ಷ್ಮದರ್ಶಕ ಬೇಕು. ಅಂದರೆ ನಾನು ಕತ್ತರಿ ಆಡಿಸಿದ ದಿನ ಮೊಮ್ಮಗಳ ಡಬ್ಬಿಯ ಹಣ್ಣು ಆಗಲೇ ಕಡ್ಡಿಯಲ್ಲಿ ಇತ್ತು.

ಹಾಗಾದರೆ ಆ ಹಿರಿಯರು ಸುಳ್ಳು ಹೇಳಿದರೇ? ಇಲ್ಲ. ಅವರದು ಶರತ್ಕಾಲದಲ್ಲಿ ಹಣ್ಣಾಗುವ ತಳಿ. ಅದರ ಕಡ್ಡಿ ಹುಟ್ಟಿದ ವರ್ಷವೇ ತುದಿಯಲ್ಲಿ ಹಣ್ಣು ಬಿಡುತ್ತದೆ. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ 'ಆಟಮ್ ಬ್ಲಿಸ್' ಅಂಥದ್ದು. ಅದನ್ನು ಚಳಿಗಾಲದ ಕೊನೆಗೆ ಪೂರ್ತಿ ಕಡಿದರೂ ನಷ್ಟವಿಲ್ಲ. ಮಗಳದು ಸ್ಕಾಟ್ಲೆಂಡಿನಲ್ಲಿ ರೂಪುಗೊಂಡ 'ಗ್ಲೆನ್ ಆಂಪಲ್', ಬೇಸಿಗೆಯ ತಳಿ. ಅವರು ತಮ್ಮ ಗಿಡದ ಬಗ್ಗೆ ನಿಜವನ್ನೇ ಹೇಳಿದ್ದರು. "ನಿಮ್ಮದು ಯಾವ ತಳಿ?" ಎಂಬ ಪ್ರಶ್ನೆಯನ್ನು ಕೇಳದೆ ಹೋದವನು ನಾನು. ಅಕ್ಟೋಬರಿನಲ್ಲೂ ಅವರ ಕಡ್ಡಿಗಳ ತುದಿಯಲ್ಲಿ ಕೆಂಪು ಹಣ್ಣು ತೂಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ಕಂಡದ್ದನ್ನು ಯೋಚಿಸಲಿಲ್ಲ, ಅಷ್ಟೇ.

ಹಿಪ್ಪುನೇರಳೆಯ ವಿಷಯವೂ ಹೀಗೆಯೇ. ಅಲ್ಲಿ ನಮಗೆ ಬೇಕಾದ ಬೆಳೆ ಎಲೆ. ಯಾವ ಹೊಸ ಚಿಗುರಾದರೂ ಎಲೆ ಕೊಡುತ್ತದೆ. ಇಲ್ಲಿ ಬೇಕಾದದ್ದು ಹಣ್ಣು. ಹಣ್ಣುಗಳ ಹೋಲಿಕೆಯಂತೂ ಮೇಲುನೋಟದ್ದು. ರಾಸ್‌ಬೆರಿ ಗುಲಾಬಿಯ ಕುಟುಂಬಕ್ಕೆ ಸೇರಿದ್ದು. ಅದರ ಒಂದೇ ಹೂವಿನಲ್ಲಿ ಬಿಡಿಬಿಡಿಯಾದ ಹತ್ತಾರು ಸ್ತ್ರೀಕೇಸರಗಳಿರುತ್ತವೆ. ಒಂದೊಂದೂ ಒಂದೊಂದು ಪುಟ್ಟ ಮಣಿಯಾಗಿ, ಎಲ್ಲ ಸೇರಿ ಒಂದು ಹಣ್ಣಾಗುತ್ತದೆ. ಜೇನು ಸರಿಯಾಗಿ ಭೇಟಿ ಕೊಡದಿದ್ದರೆ ಕೆಲವು ಮಣಿಗಳು ಬೆಳೆಯದೆ ಹಣ್ಣು ಪುಡಿಪುಡಿಯಾಗಿ ಉದುರುತ್ತದೆ. ನಮ್ಮ ಸೀತಾಫಲವೂ ಹೀಗೆ ಒಂದೇ ಹೂವಿನ ಅನೇಕ ಭಾಗಗಳಿಂದಾದ ಗುಚ್ಛಫಲ. ಹಿಪ್ಪುನೇರಳೆ ಹಾಗಲ್ಲ. ಅಲ್ಲಿ ಒಂದೊಂದು ಮಣಿಯೂ ಒಂದೊಂದು ಬೇರೆ ಹೂವು; ಇಡೀ ಹೂಗೊಂಚಲೇ ಹಣ್ಣಾದ ಸಂಯುಕ್ತ ಫಲ. ಅದರ ನೆಂಟ ಹಲಸು. ನೆಂಟಸ್ತಿಕೆ ತಿಳಿಯದೆ ಮುಖ ನೋಡಿ ಮೋಸಹೋದೆ.

ನಮ್ಮಲ್ಲಿ ಬೆಳೆಯಬಹುದೇ?

ಇಷ್ಟು ಓದಿದವರು ಕೇಳುವ ಪ್ರಶ್ನೆ ಇದೇ. ಬಯಲುಸೀಮೆಯಲ್ಲಿ ಈ ಕೆಂಪು ರಾಸ್‌ಬೆರಿಗೆ ಹಣ ಸುರಿಯಬೇಡಿ. ನಿದ್ರಿಸುವ ಅದರ ಮೊಗ್ಗು ಮತ್ತೆ ಏಳಬೇಕಾದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ನೂರಾರು ಗಂಟೆಗಳು ಕಳೆಯಬೇಕು. ಅನೇಕ ತಳಿಗಳಿಗೆ ಸಾವಿರಕ್ಕೂ ಹೆಚ್ಚು. ಅದು ಗಿಡದ ಜಾಣತನ. ಜನವರಿಯ ನಡುವೆ ಎರಡು ದಿನ ಬಿಸಿಲು ಬಂದರೆ ವಸಂತ ಬಂತೆಂದು ಮೋಸಹೋಗಿ ಚಿಗುರಿ ಹಿಮಕ್ಕೆ ಬಲಿಯಾಗದಂತೆ ಅದು ಚಳಿಯನ್ನು ಎಣಿಸುತ್ತ ಕೂರುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಆ ಲೆಕ್ಕದಲ್ಲಿ ರಾಸ್‌ಬೆರಿಯ ಎಣಿಕೆ ಅಲ್ಲಿ ಸೊನ್ನೆ ದಾಟುವುದೇ ಇಲ್ಲ.

ಆದರೆ ಬೇಸರ ಬೇಡ. ಅದೇ ಕುಲದ ಇನ್ನೊಂದು ಗಿಡ, ರೂಬಸ್ ನಿವಿಯಸ್, ನಮ್ಮ ಪಶ್ಚಿಮ ಘಟ್ಟದ ಎತ್ತರದ ಜಾಗಗಳಲ್ಲಿ ತಾನಾಗಿ ಬೆಳೆಯುತ್ತದೆ. ಮುಳ್ಳಿನ ಬಳ್ಳಿಯಂಥ ಕಡ್ಡಿ, ಕೆಂಪಾಗಿ ಆಮೇಲೆ ಕಪ್ಪಾಗುವ ಹಣ್ಣು. ಇಂಗ್ಲಿಷಿನಲ್ಲಿ ಅದರ ಹೆಸರೇ 'ಮೈಸೂರ್ ರಾಸ್‌ಬೆರಿ'! ಅದಕ್ಕೆ ಅಂಥ ಚಳಿ ಬೇಡವಾದ್ದರಿಂದ ಅಮೆರಿಕದ ಬೆಚ್ಚಗಿನ ಫ್ಲೋರಿಡಾದಲ್ಲಿ ಹಿತ್ತಿಲಲ್ಲಿ ಬೆಳೆಸುತ್ತಾರೆ. ಗಲಾಪಗೊಸ್ ದ್ವೀಪಗಳಲ್ಲಿ ಮಾತ್ರ ಅದೇ ಹಣ್ಣು ಕಾಡನ್ನು ನುಂಗುವ ಕಳೆಯಾಗಿ ಕೂತಿದೆ. ಗಿಡ ಒಂದೇ, ಊರು ಬೇರೆಯಾದರೆ ಗುಣ ಬೇರೆ.

ಮಾಡಿ ನೋಡಿ

ಹಿಪ್ಪುನೇರಳೆ, ಸೀತಾಫಲದ ಚಿಕ್ಕ ಕಾಯಿ, ಎಳೆ ಹಲಸು, ಸಿಕ್ಕಿದ್ದನ್ನು ತಂದು ಉದ್ದುದ್ದ ಕೊಯ್ದು ಕೈಮಸೂರದಲ್ಲಿ ನೋಡಿ. ಯಾವುದು ಒಂದು ಹೂವಿನಿಂದಾದ ಹಣ್ಣು, ಯಾವುದು ಅನೇಕ ಹೂವುಗಳದು? ಚಿತ್ರ ಬರೆದು ಭಾಗ ಗುರುತಿಸಿ. ಹಲಸಿನ ಮುಳ್ಳುಗಳನ್ನು ಎಣಿಸಲು ಹೊರಟರೆ ಅಪ್ಪ-ಅಮ್ಮನನ್ನೂ ಕೂರಿಸಿಕೊಳ್ಳಿ, ಒಬ್ಬರಿಂದ ಆಗದ ಕೆಲಸ.

ಈ ಕಥೆಯನ್ನು ನಮ್ಮ ಒಂಬತ್ತನೆಯ ತರಗತಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದೆ. ಹಿಂದಿನ ಬೆಂಚಿನಿಂದ ಎದ್ದ ಒಬ್ಬಳು ಹುಡುಗಿ, "ಸಾರ್, ಮೊದಲು ಎರಡೇ ಎರಡು ಕಡ್ಡಿ ಕಡಿದು ಒಂದು ವರ್ಷ ನೋಡಬಹುದಿತ್ತಲ್ಲ?" ಎಂದಳು. ನಾನು ವರ್ಷ ವರ್ಷ ಕಪ್ಪುಹಲಗೆಯ ಮೇಲೆ ಬರೆಯುವ ಪ್ರಯೋಗದ ಪಾಠ ಅದು. ಅವಳಿಗೆ ಅರ್ಥವಾಗಿತ್ತು. ಕತ್ತರಿ ಕೈಯಲ್ಲಿದ್ದಾಗ ನನಗೇ ಮರೆತಿತ್ತು. ಇನ್ನೂ ಏನೂ ಬಿಡದ ಕಡ್ಡಿಯನ್ನು ಕಂಡು ಅವಸರಪಡುವ ಗುಣ ನಮ್ಮಂಥ ಮೇಷ್ಟ್ರುಗಳಿಗೂ ತಂದೆತಾಯಿಯರಿಗೂ ಸ್ವಲ್ಪ ಹೆಚ್ಚೇ ಇರುತ್ತದೆ.

ಬೇರು ಸತ್ತಿರಲಿಲ್ಲ. ಬರಿದಾಗಿ ನಿಂತಿದ್ದ ಆ ಕಡ್ಡಿಗಳೇ ಚಳಿಗಾಲ ಕಳೆದು ಈ ಜುಲೈನಲ್ಲಿ ಹಣ್ಣು ಬಿಟ್ಟವು. ಒಂದು ವರ್ಷ ತಡವಾದರೂ ಡಬ್ಬಿ ಶಾಲೆಗೆ ಹೋಯಿತು. ಮಗಳು ಫೋಟೋ ಕಳಿಸಿದ್ದಾಳೆ. ಹಣ್ಣು ಬಿಟ್ಟ ಪ್ರತಿ ಕಡ್ಡಿಗೂ ಕೆಂಪು ಉಣ್ಣೆಯ ದಾರ ಕಟ್ಟಿದೆ. ಹೊಸ ಕಡ್ಡಿಗಳಿಗೆ ಏನೂ ಇಲ್ಲ. ಮೊಮ್ಮಗಳ ಕೆಲಸವಂತೆ. "ತಾತಾ ಮತ್ತೆ ಬಂದರೆ ಕೆಂಪು ಇರೋದು ಮಾತ್ರ ಕಡಿಯಲಿ" ಎಂದಿದ್ದಾಳೆ.