ದೇವರಿಗೂ ನಿದ್ರೆ ಬೇಕು

ಆಸ್ಪತ್ರೆಗಳಲ್ಲಿ ಶಕ್ತಿಮೀರಿ ದುಡಿಯುವವರನ್ನು ದೇವರೆಂದು ಕರೆದು ಕೈಮುಗಿಯುವ ಅಭ್ಯಾಸ ನಮ್ಮಲ್ಲಿ ಬಹುಕಾಲದಿಂದ ರೂಢವಾಗಿದೆ. ದೇವರಿಗೆ ಹಸಿವು ನಿದ್ರೆಗಳಿಲ್ಲವೆಂಬ ಭಾವನೆಯೂ ಅದರ ಜೊತೆಯಲ್ಲಿಯೇ ಬಂದುಬಿಡುವುದರಿಂದ, ಈ ಗೌರವದಿಂದ ಅವರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚೆಂದು ನನಗೆ ತೋರುತ್ತದೆ.

ದೊಡ್ಡದೊಂದು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡು. ನೈಟ್ ಡ್ಯೂಟಿಯ ಸಿಸ್ಟರ್. ನಸುಕಿನಲ್ಲಿ ಕೂಸೊಂದು ತೀರಿಕೊಂಡರೆ, ಅದರ ಕೈಗೆ ಚುಚ್ಚಿದ ಸೂಜಿಯನ್ನು ತೆಗೆದು, ಹತ್ತಿಯೊತ್ತಿ, ಮೈಯೊರೆಸಿ, ಬಿಳಿಯ ಬಟ್ಟೆ ಹೊದಿಸಿ, ಕೇಸ್ ಶೀಟಿನಲ್ಲಿ ವೇಳೆಯನ್ನು ನಮೂದಿಸಿ, ತಾಯಿಯ ಗೋಳಾಟ ಕಿವಿಯಲ್ಲಿರುವಾಗಲೇ ಆಕೆ ಪಕ್ಕದ ಮಂಚದ ಮಗುವಿನ ಡ್ರಿಪ್ಪಿನ ಬಾಟಲಿಯನ್ನು ಬದಲಾಯಿಸಲು ಹೋಗಲೇಬೇಕು. ಬೆಳಿಗ್ಗೆ ಮುಂದಿನ ಪಾಳಿಯವರಿಗೆ ಒಪ್ಪಿಸುವಾಗ ಆ ಸಾವು ಒಂದು ಸಾಲಿನ ವರದಿ. ಆಕೆಗೇನಾಯಿತೆಂದು ಬರೆಯುವ ಕಾಲಮ್ಮು ಆ ರಿಜಿಸ್ಟರಿನಲ್ಲಿಲ್ಲ.

ಇಂಥವರಿಗೆ ಮನಃಸ್ಥೈರ್ಯವನ್ನು ಬೋಧಿಸುವ ಶಿಬಿರಗಳು ಈಚೆಗೆ ವಿಪುಲವಾಗಿವೆ, ಅದೂ ಬಹುಮಟ್ಟಿಗೆ ಭಾನುವಾರಗಳಂದು! ಪ್ರಾಣಾಯಾಮವನ್ನು ಹಳಿಯುವ ಇಚ್ಛೆ ನನಗಿಲ್ಲ. ಆದರೆ ಸ್ಥೈರ್ಯವನ್ನು ಕೇವಲ ವ್ಯಕ್ತಿಗುಣವೆಂದು ಭಾವಿಸಿ, ಅದು ಕುಂದಿದಾಗ ವ್ಯಕ್ತಿಯನ್ನೇ ತಿದ್ದಹೊರಡುವುದು ಡ್ಯೂಟಿ ಪಟ್ಟಿ ಬರೆಯುವವರಿಗೆ ಬಹಳ ಅನುಕೂಲವಾದ ತತ್ತ್ವ. ರೆಸಿಡೆಂಟ್ ವೈದ್ಯರ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ಗಂಟೆಗಳನ್ನೂ ವಾರಕ್ಕೆ 48 ಗಂಟೆಗಳನ್ನೂ ಮೀರಕೂಡದೆಂದು ಕೇಂದ್ರ ಸರ್ಕಾರ 1992ರಲ್ಲಿಯೇ ನಿರ್ದೇಶಿಸಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ, ತನ್ನ ಸಮೀಕ್ಷೆಗೆ ಉತ್ತರಿಸಿದ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇಕಡ 31ರಷ್ಟು ಮಂದಿಗೆ ಆತ್ಮಹತ್ಯೆಯ ಆಲೋಚನೆ ಬಂದಿತ್ತೆಂಬುದನ್ನು ಕಂಡ ಮೇಲೆ, ವಾರಕ್ಕೆ 74 ಗಂಟೆಗಳ ಮಿತಿಯನ್ನು ಸೂಚಿಸಿತು. ನಲವತ್ತೆಂಟು ಎಪ್ಪತ್ತನಾಲ್ಕಾದುದನ್ನೇ ಸುಧಾರಣೆಯೆಂದು ಸ್ವಾಗತಿಸಬೇಕಾದ ಪರಿಸ್ಥಿತಿಯಿದ್ದರೆ, ಆಚರಣೆಯಲ್ಲಿರುವ ಲೆಕ್ಕ ಎಷ್ಟೆಂಬುದನ್ನು ಯಾವ ಪಿ.ಜಿ. ವಿದ್ಯಾರ್ಥಿಯನ್ನು ಕೇಳಿದರೂ ತಿಳಿದೀತು.

ದುಃಖಕ್ಕೊಂದು ವೇಳೆಯನ್ನು ಗೊತ್ತುಮಾಡಿದ ಪದ್ಧತಿ ಬೇರೆಡೆ ಇದೆ. ಬಾಸ್ಟನ್ನಿನ ವಕೀಲ ಕೆನೆತ್ ಶ್ವಾರ್ಟ್ಸ್ ಶ್ವಾಸಕೋಶದ ಕ್ಯಾನ್ಸರಿನಿಂದ 1995ರಲ್ಲಿ ಮರಣ ಹೊಂದುವುದಕ್ಕೆ ಮುಂಚೆ, ತನ್ನನ್ನು ನೋಡಿಕೊಂಡವರ ಕರುಣೆಯನ್ನು ನೆನೆದು ಸಂಸ್ಥೆಯೊಂದಕ್ಕೆ ಅಡಿಪಾಯ ಹಾಕಿದ. ಅದರಿಂದ ಹುಟ್ಟಿದ 'ಶ್ವಾರ್ಟ್ಸ್ ರೌಂಡ್ಸ್' ಸಭೆಗಳಲ್ಲಿ ಪ್ರೊಫೆಸರರೂ ದಾದಿಯೂ ಇತರ ಸಿಬ್ಬಂದಿಯೂ ಒಟ್ಟಿಗೆ ಕುಳಿತು, ಚಿಕಿತ್ಸೆಯ ಸರಿತಪ್ಪುಗಳನ್ನು ಬದಿಗಿಟ್ಟು, ರೋಗಿಗಳ ಆರೈಕೆಯಲ್ಲಿ ತಮ್ಮ ಮನಸ್ಸಿಗಾದುದನ್ನಷ್ಟೇ ಹೇಳಿಕೊಳ್ಳುತ್ತಾರೆ. ಯೂನಿಟ್ ಚೀಫರ ಮುಂದೆ ಹೌಸ್ ಸರ್ಜನ್ನನಿಗೆ ಕುರ್ಚಿಯೇ ಸಿಗದ ನಮ್ಮ ಕಡೆ ಇದು ಸುಲಭವಲ್ಲ.

ಬೆಂಗಳೂರಿನ ನಿಮ್ಹಾನ್ಸನ್ನು ಕೇಂದ್ರವಾಗಿಟ್ಟುಕೊಂಡು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ದೊರೆಯುತ್ತದೆ. ರೋಗಿಗಳಿಗೆ ಆ ಸಂಖ್ಯೆಯನ್ನು ಬರೆದುಕೊಡುವ ವೈದ್ಯನೇ ಅದನ್ನು ಒತ್ತಲು ಹಿಂಜರಿಯುತ್ತಾನೆ. ಇನ್ನು ಸ್ವಂತ ಆಸ್ಪತ್ರೆಯ ಮನೋವೈದ್ಯರ ಬಾಗಿಲಲ್ಲಿ ಕುಳಿತರೆ, ಚೀಟಿ ಒಳಗೆ ಹೋಗುವ ಮುನ್ನವೇ ಸುದ್ದಿ ಕ್ಯಾಂಟೀನು ಮುಟ್ಟಿರುತ್ತದೆ. ಈ ಭಯ ಅಳಿಯಲು ಕಾಲ ಬೇಕಾದೀತು. ಡ್ಯೂಟಿ ರೂಮಿಗೆ ಒಳಚಿಲಕ, ತಿರುಗುವ ಫ್ಯಾನು, ಒಗೆದ ಹೊದಿಕೆ, ಸಾವು ನೋಡಿದ ಸಿಸ್ಟರಿನ ಮಂಚಗಳನ್ನು ಅರ್ಧ ಗಂಟೆ ನೋಡಿಕೊಳ್ಳಲು ಇನ್ನೊಬ್ಬ ಸಿಸ್ಟರ್ – ಇವಕ್ಕೆ ಅಷ್ಟು ಕಾಲ ಬೇಡ; ಮುಂದಿನ ಶಿಬಿರದ ಬ್ಯಾನರಿಗೆ ಹಣ ಮಂಜೂರು ಮಾಡುವ ಅಧಿಕಾರಿಗಳು ಮೊದಲು ಆ ಕೋಣೆಯಲ್ಲೊಂದು ರಾತ್ರಿ ಮಲಗಿ ನೋಡಲಿ.